ಚಂದ್ರನ ಮೇಲೆ ಮನುಷ್ಯ: ಕಲ್ಲುಗಳು ನುಡಿಯುವ ಸಾಕ್ಷ್ಯ

1969ರ ಜುಲೈ 20ರಂದು ಅಮೆರಿಕದ ಅಪೊಲೊ 11 ಯಾನದಲ್ಲಿ ನೀಲ್ ಆರ್ಮ್‌ಸ್ಟ್ರಾಂಗ್ ಮತ್ತು ಬಜ್ ಆಲ್ಡ್ರಿನ್ ಚಂದ್ರನ ನೆಲಕ್ಕಿಳಿದರು ಎಂಬುದನ್ನು ನಂಬದವರು ಇಂದಿಗೂ ಇದ್ದಾರೆ. ಈ ಸಂಶಯಕ್ಕೆ ಪುಸ್ತಕದ ರೂಪ ಕೊಟ್ಟು ಹರಡಿದವರು ಬಿಲ್ ಕೇಸಿಂಗ್. ರಾಕೆಟ್ ಎಂಜಿನ್ ತಯಾರಿಸುವ ಕಂಪನಿಯಲ್ಲಿ ಹಿಂದೆ ತಾಂತ್ರಿಕ ಬರಹಗಾರರಾಗಿದ್ದ ಅವರು, ಇಡೀ ಯಾನವೇ ಭೂಮಿಯ ಮೇಲೆ ಚಿತ್ರೀಕರಿಸಿದ ನಾಟಕವೆಂದು 1976ರಲ್ಲಿ ವಾದಿಸಿದರು. ವಿಯೆಟ್ನಾಂ ಯುದ್ಧದಲ್ಲೂ ವಾಟರ್‌ಗೇಟ್ ಹಗರಣದಲ್ಲೂ ತಮ್ಮ ಸರ್ಕಾರ ಸುಳ್ಳಾಡಿದ್ದನ್ನು ಆಗಷ್ಟೇ ಕಂಡಿದ್ದ ಅನೇಕ ಅಮೆರಿಕನ್ನರಿಗೆ ಆ ಮಾತು ಅಸಂಭವವೆನಿಸದೆ ಹೋದದ್ದರಲ್ಲಿ ಆಶ್ಚರ್ಯವಿಲ್ಲ.

ವಾದವೆಲ್ಲ ಹೆಚ್ಚಾಗಿ ಫೋಟೊಗಳ ಸುತ್ತಲೇ ನಡೆಯುತ್ತದೆ. ಗಾಳಿಯಿಲ್ಲದೆಡೆ ಬಾವುಟ ಹಾರಾಡಿದಂತೆ ಕಾಣುವುದು, ಅದರ ಮೇಲಂಚಿಗೆ ಅಡ್ಡಕೋಲು ಪೋಣಿಸಿದ್ದರಿಂದ ಮತ್ತು ಮಡಿಕೆಗಳು ಹಾಗೆಯೇ ಉಳಿದದ್ದರಿಂದ. ನಕ್ಷತ್ರಗಳು ಕಾಣದಿರುವುದು, ಬಿಸಿಲಿನಲ್ಲಿ ಬೆಳಗುವ ನೆಲಕ್ಕೆ ಹೊಂದುವಂತೆ ಕ್ಯಾಮೆರಾದ ಕಿಂಡಿಯನ್ನು ಅತ್ಯಲ್ಪ ಕಾಲ ತೆರೆದದ್ದರಿಂದ. ಆದರೆ ಚಿತ್ರಗಳ ಚರ್ಚೆಯಲ್ಲೇ ಮುಳುಗಿದರೆ ಹೆಚ್ಚು ಗಟ್ಟಿಯಾದ ಸಾಕ್ಷ್ಯ ಕಣ್ತಪ್ಪುತ್ತದೆ ಎಂಬುದು ನನ್ನ ಅಭಿಪ್ರಾಯ.

ಗಗನಯಾತ್ರಿಗಳು ಇಟ್ಟುಬಂದ ಪ್ರತಿಫಲಕಗಳನ್ನು ಹಲವರು ಪುರಾವೆಯಾಗಿ ಮುಂದಿಡುತ್ತಾರೆ. ಭೂಮಿಯಿಂದ ಹೊರಟ ಲೇಸರ್ ಬೆಳಕು ಅವುಗಳಿಗೆ ತಾಗಿ ಸುಮಾರು ಎರಡೂವರೆ ಸೆಕೆಂಡಿನಲ್ಲಿ ಮರಳುತ್ತದೆ. ಚಂದ್ರ ವರ್ಷಕ್ಕೆ ಸುಮಾರು 3.8 ಸೆಂಟಿಮೀಟರ್ ದೂರ ಸರಿಯುತ್ತಿರುವುದು ಖಚಿತವಾದದ್ದು ಈ ಅಳತೆಯಿಂದಲೇ. ಆದರೂ ಅದೊಂದೇ ಸಾಲದು, ಏಕೆಂದರೆ ಸೋವಿಯತ್ ಒಕ್ಕೂಟದ ಲೂನೊಖೋದ್ ವಾಹನಗಳು ಮನುಷ್ಯರಿಲ್ಲದೆಯೇ ಅಂಥ ಪ್ರತಿಫಲಕಗಳನ್ನು ಅಲ್ಲಿಗೆ ಒಯ್ದಿದ್ದವು.

ಕಲ್ಲುಗಳ ವಿಷಯ ಹಾಗಲ್ಲ. ಆರು ಅಪೊಲೊ ಯಾನಗಳಲ್ಲಿ ಚಂದ್ರನ ಮೇಲಿಳಿದ ಹನ್ನೆರಡು ಮಂದಿ ಒಟ್ಟು 382 ಕಿಲೋಗ್ರಾಂ ಕಲ್ಲು, ಮಣ್ಣು ತಂದರು. ಚಂದ್ರನಿಗೆ ವಾಯುಮಂಡಲವಿಲ್ಲದ ಕಾರಣ, ಭೂಮಿಯಲ್ಲಾದರೆ ಆಕಾಶದಲ್ಲೇ ಉರಿದುಹೋಗುವ ಸೂಕ್ಷ್ಮ ಉಲ್ಕಾಕಣಗಳು ಅಲ್ಲಿ ನೇರವಾಗಿ ಕಲ್ಲಿಗೆ ಬಡಿದು, ಸೂಕ್ಷ್ಮದರ್ಶಕದಲ್ಲಿ ಕಾಣುವಂಥ, ಒಳಗೆ ಗಾಜು ಮೆತ್ತಿದ ಕುಳಿಗಳನ್ನು ಮಾಡುತ್ತವೆ. ಸೌರಮಾರುತ, ಅಂದರೆ ಸೂರ್ಯನಿಂದ ಸದಾ ಹೊಮ್ಮುವ ಕಣಗಳ ಹರಿವು, ಹೊತ್ತುತಂದ ಅನಿಲಗಳು ಮಣ್ಣಿನ ಕಣಗಳಲ್ಲಿ ಹುದುಗಿರುತ್ತವೆ. ಬಾಹ್ಯಾಕಾಶದಿಂದ ಅತಿವೇಗವಾಗಿ ಬರುವ ವಿಶ್ವಕಿರಣಗಳ ಭಾರವಾದ ಪರಮಾಣು ಬೀಜಗಳು ಹರಳುಗಳನ್ನು ಹಾದುಹೋದಾಗ ಉಳಿಯುವ ಜಾಡನ್ನು ರಾಸಾಯನಿಕದಿಂದ ಕೊರೆದು ಸ್ಫುಟಗೊಳಿಸಿ ಎಣಿಸಿದರೆ, ಆ ಕಲ್ಲು ಎಷ್ಟು ಕಾಲ ಮೇಲ್ಮೈಯಲ್ಲಿ ಬಯಲಿಗೆ ಬಿದ್ದಿತ್ತೆಂದು ಲೆಕ್ಕಹಾಕಬಹುದು. ಈ ಜಾಡುಗಳನ್ನು ಅಧ್ಯಯನ ಮಾಡಿದವರಲ್ಲಿ ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ದೇವೇಂದ್ರ ಲಾಲ್ ಮತ್ತು ಅವರ ಸಂಗಡಿಗರೂ ಇದ್ದರು. ಅಮೆರಿಕದ ಸುಳ್ಳನ್ನು ಕಾಯಬೇಕಾದ ಯಾವ ಹಂಗೂ ಅವರಿಗಿರಲಿಲ್ಲ. ಲಕ್ಷಾಂತರ ವರ್ಷಗಳ ಇಂಥ ಗುರುತುಗಳನ್ನು ಪದರಪದರವಾಗಿ, ಒಂದಕ್ಕೊಂದು ತಾಳೆಯಾಗುವಂತೆ ಕೃತಕವಾಗಿ ಮೂಡಿಸಬಲ್ಲ ಪ್ರಯೋಗಾಲಯ 1969ರಲ್ಲಿ ಎಲ್ಲಿಯೂ ಇರಲಿಲ್ಲ, ಇಂದಿಗೂ ಇಲ್ಲ.

ಯಂತ್ರಗಳೇ ಅವನ್ನು ತಂದಿರಬಾರದೇಕೆ ಎಂಬ ಪ್ರಶ್ನೆ ನ್ಯಾಯವಾದದ್ದು. ಸೋವಿಯತ್ ಒಕ್ಕೂಟದ ಲೂನಾ 16 ಯಂತ್ರನೌಕೆ 1970ರಲ್ಲಿ ಅದನ್ನೇ ಮಾಡಿತು, ಆದರೆ ಅದಕ್ಕೆ ದಕ್ಕಿದ ಮಣ್ಣು ಕೇವಲ 101 ಗ್ರಾಂ. ಮರುವರ್ಷ ಎರಡೂ ದೇಶಗಳು ತಮ್ಮ ಮಾದರಿಗಳನ್ನು ಅದಲುಬದಲು ಮಾಡಿಕೊಂಡವು. ಪ್ರತಿಸ್ಪರ್ಧಿಯ ವಂಚನೆಯನ್ನು ಬಯಲಿಗೆಳೆಯಲು ಅದಕ್ಕಿಂತ ಒಳ್ಳೆಯ ಅವಕಾಶ ಸೋವಿಯತ್ ವಿಜ್ಞಾನಿಗಳಿಗೆ ಬೇರೆ ಸಿಗುತ್ತಿರಲಿಲ್ಲ. ಅವರು ಅಂಥ ಆರೋಪವನ್ನು ಮಾಡಲೇ ಇಲ್ಲ.

ಇಳಿದ ತಾಣಗಳನ್ನು ನೋಡುವ ಕಣ್ಣುಗಳೂ ಈಗ ಅಮೆರಿಕದವು ಮಾತ್ರವಲ್ಲ. ನಮ್ಮ ಚಂದ್ರಯಾನ-2ರ ಕಕ್ಷಾನೌಕೆಯ ಕ್ಯಾಮೆರಾ ಅಪೊಲೊ 11 ನೌಕೆಯ ಕೆಳಭಾಗ ಚಂದ್ರನ ಮೇಲೆ ನಿಂತಿರುವುದನ್ನು ಸೆರೆಹಿಡಿದಿದೆ.

ಕಲ್ಲುಗಳ ಪರೀಕ್ಷೆ ಇನ್ನೂ ಮುಗಿದಿಲ್ಲ. 1972ರ ಡಿಸೆಂಬರಿನಲ್ಲಿ ಅಪೊಲೊ 17ರ ಯಾತ್ರಿಗಳು ನಿರ್ವಾತದಲ್ಲೇ ಮೊಹರು ಮಾಡಿ ತಂದ ಮಣ್ಣಿನ ಕೊಳವೆಯೊಂದನ್ನು, ಮುಂದೆ ಬರಲಿರುವ ಉತ್ತಮ ಉಪಕರಣಗಳಿಗಾಗಿ ಮುಟ್ಟದೆ ಕಾದಿರಿಸಲಾಗಿತ್ತು. ಅದನ್ನು ತೆರೆದದ್ದು 2022ರಲ್ಲಿ. ಆ ಮಣ್ಣು ಈಗ ಅಪೊಲೊ ಕಾಲದಲ್ಲಿ ಇನ್ನೂ ಹುಟ್ಟಿರದ ವಿಜ್ಞಾನಿಗಳ ಕೈಯಲ್ಲಿದೆ.