‘ಕ್ಲಾಕ್‌ವೈಸ್’ ನಡುವೆ ಯಾಕೆ ಸೊರಗುತ್ತದೆ?

ಪ್ರಶ್ನೆ: ಜಾನ್ ಕ್ಲೀಸ್ ಅವರ ‘ಕ್ಲಾಕ್‌ವೈಸ್’ ನೋಡಿದೆ. ಮೊದಲರ್ಧ ನಕ್ಕು ನಕ್ಕು ಹೊಟ್ಟೆ ಹುಣ್ಣಾಯಿತು. ಸನ್ಯಾಸಿಗಳ ಮಠದ ದೃಶ್ಯದ ಹೊತ್ತಿಗೆ ನಗುವೇ ಬರಲಿಲ್ಲ. ದೋಷ ಸಿನಿಮಾದ್ದೋ, ನನ್ನದೋ?

ನಿಮ್ಮದಲ್ಲ. ಒಂದೂವರೆ ಗಂಟೆಯ ಈ 1986ರ ಬ್ರಿಟಿಷ್ ಪ್ರಹಸನ ಸೊರಗುವುದು ಅಲ್ಲೇ. ಆದರೆ ಅದಕ್ಕೂ ಮುಂಚೆ ಅದು ಅಷ್ಟು ಚೆನ್ನಾಗಿ ಓಡಿದ್ದು ಹೇಗೆ ಎಂಬುದನ್ನು ನೋಡಬೇಕು.

ಕ್ಲೀಸ್ ನಟಿಸಿರುವ ಬ್ರಯನ್ ಸ್ಟಿಂಪ್ಸನ್ ಸರ್ಕಾರಿ ಶಾಲೆಯೊಂದರ ಹೆಡ್‌ಮಾಸ್ಟರ್. ಕೋಣೆಯ ಕಿಟಕಿಯಿಂದ ದುರ್ಬೀನು ಹಿಡಿದು, ಮೈಕಿನಲ್ಲಿ ಮಕ್ಕಳನ್ನು ಹೆಸರು ಹಿಡಿದು ಗದರಿಸುವಷ್ಟು ಶಿಸ್ತು. ಶಾಲೆಗೆ 17ನೇ ಶತಮಾನದ ಗಡಿಯಾರ ತಯಾರಕ ಥಾಮಸ್ ಟೋಂಪಿಯನ್‌ನ ಹೆಸರು. ಗಡಿಯಾರ ನೋಡಿಕೊಂಡೇ ಬದುಕುವವನಿಗೆ ಗಡಿಯಾರದವನ ಹೆಸರಿನ ಶಾಲೆ; ಈ ಚೇಷ್ಟೆಯನ್ನು ಸಿನಿಮಾ ಎಲ್ಲೂ ಬಿಡಿಸಿ ಹೇಳುವುದಿಲ್ಲ. ಈತ ನಾರ್ವಿಚ್‌ನಲ್ಲಿ ಮುಖ್ಯೋಪಾಧ್ಯಾಯರ ಸಮ್ಮೇಳನದ ಅಧ್ಯಕ್ಷ ಭಾಷಣ ಮಾಡಬೇಕು. ನಿಲ್ದಾಣದಲ್ಲಿ ರೈಲು ಎಡಗಡೆ ಇದೆ ಎಂದು ಹೇಳುತ್ತಾರೆ. ಈತ ಎಂದಿನಂತೆ ‘ರೈಟ್’ ಎಂದು ಬಲಗಡೆಯ ರೈಲು ಹತ್ತುತ್ತಾನೆ. ಸಬ್‌ಟೈಟಲ್‌ನಲ್ಲಿ ‘ಸರಿ’ ಎಂದಷ್ಟೇ ಬಂದಿದ್ದರೆ ಇಡೀ ಸಿನಿಮಾದ ಕೀಲಿಯೇ ಕೈತಪ್ಪಿತು ಎಂದುಕೊಳ್ಳಿ.

ಇದು ಚಿತ್ರಕಥೆ ಬರೆದ ಮೈಕೇಲ್ ಫ್ರೇನ್ ಅವರ ಕಸುಬು. ಕೇಡು ಹೊರಗಿನಿಂದ ಬಂದೆರಗುವುದಿಲ್ಲ, ಮನುಷ್ಯನ ಅಭ್ಯಾಸದಿಂದಲೇ ಹುಟ್ಟುತ್ತದೆ. ಭಾಷಣದ ಹಾಳೆ ತಪ್ಪಾಗಿ ಹತ್ತಿದ ರೈಲಿನಲ್ಲೇ ಉಳಿಯುತ್ತದೆ. ಕ್ಲಾಸಿಗೆ ಚಕ್ಕರ್ ಹೊಡೆದ ವಿದ್ಯಾರ್ಥಿನಿ ಲಾರಾಳ ಕಾರು ಹತ್ತಬೇಕಾಗುತ್ತದೆ. ಪೆಟ್ರೋಲ್ ಹಾಕಿಸಿ ದುಡ್ಡು ಕೊಡದೆ ಹೊರಟಿದ್ದಕ್ಕೆ ಪೊಲೀಸರು ಬೆನ್ನು ಹತ್ತುತ್ತಾರೆ. ಹುಡುಗಿಯ ಜೊತೆ ಗಂಡನನ್ನು ಕಂಡ ಹೆಂಡತಿಗೆ ಅನುಮಾನ. ಪ್ರತಿ ಕೊಂಡಿಯೂ ಹಿಂದಿನದಕ್ಕೆ ಸಿಕ್ಕಿಕೊಂಡಿದೆ. ಕೆಟ್ಟುಹೋದ ಫೋನ್ ಬೂತು ಈ ಯಂತ್ರದ ಮುಖ್ಯ ಭಾಗ. ಮೊಬೈಲ್ ಇದ್ದಿದ್ದರೆ ಕತೆ ಹತ್ತೇ ನಿಮಿಷಕ್ಕೆ ಮುಗಿಯುತ್ತಿತ್ತು.

ಹಾಗಿದ್ದರೆ ಸೋತದ್ದೆಲ್ಲಿ? ಪ್ರಹಸನಕ್ಕೆ ಬಾಗಿಲುಗಳು ಬೇಕು. ಒಬ್ಬ ಒಳಗೆ ಬರುವಾಗ ಇನ್ನೊಬ್ಬ ಕೂದಲೆಳೆಯಲ್ಲಿ ಹೊರಗೆ ಹೋಗಬೇಕು, ಬಚ್ಚಿಡಲು ಬೀರು ಬೇಕು, ತಪ್ಪಿಸಿಕೊಳ್ಳಲು ಮಾತ್ರ ಜಾಗ ಇರಬಾರದು. ಫ್ರೇನ್ ಅವರದೇ 1982ರ ನಾಟಕ ‘ನಾಯ್ಸಸ್ ಆಫ್’ ನಡೆಯುವುದು ರಂಗದ ಮೇಲೆ ಮತ್ತು ಅದರ ಹಿಂಬದಿಯಲ್ಲಿ, ಅಷ್ಟೇ. ಕ್ಲೀಸ್ ಅವರ ಟಿ.ವಿ. ಹಾಸ್ಯ ಸರಣಿ ‘ಫಾಲ್ಟಿ ಟವರ್ಸ್’ಗೆ ಒಂದು ಹೋಟೆಲು, ಸುಮಾರು ಅರ್ಧ ಗಂಟೆಯ 12 ಕಂತು ಸಾಕಾಯಿತು. ಇಲ್ಲಿ ಮಾತ್ರ ಹೆದ್ದಾರಿ, ಹೊಲ, ಕಾಡುದಾರಿ. ಬೆನ್ನಟ್ಟುವವರು ಮೂರು ನಾಲ್ಕು ಗುಂಪು. ಎಲ್ಲರೂ ಬೇರೆ ಬೇರೆ ಕಾರಿನಲ್ಲಿ. ಡಿಕ್ಕಿ ಆಗಬೇಕಾದವರು ಬಹಳ ಹೊತ್ತು ಒಬ್ಬರಿಗೊಬ್ಬರು ಸಿಗುವುದೇ ಇಲ್ಲ.

ಮಠದಲ್ಲಿ ಇನ್ನೊಂದು ಪೆಟ್ಟು. ಸ್ಟಿಂಪ್ಸನ್ ಸ್ನಾನಕ್ಕೆ ಇಳಿಯುತ್ತಾನೆ, ಗಡಿಯಾರದ ಒತ್ತಡ ಸಡಿಲವಾಗುತ್ತದೆ. ಪಾತ್ರಕ್ಕೆ ವಿಶ್ರಾಂತಿ ಸಿಕ್ಕ ಕೂಡಲೇ ನೋಡುವವರಿಗೂ ಆಕಳಿಕೆ. ಒಂದು ಮಾತು ಮಾತ್ರ ಒಪ್ಪಬೇಕು: ಚಿತ್ರದ ಅತಿ ಒಳ್ಳೆಯ ಸಾಲು ಬರುವುದೂ ಓಟ ನಿಂತಾಗಲೇ. ಹತಾಶೆಯನ್ನಾದರೂ ತಾಳಿಕೊಳ್ಳಬಲ್ಲೆ, ಈ ಆಸೆಯನ್ನು ತಾಳಲಾರೆ ಎಂದು ಆತ ಲಾರಾಳಿಗೆ ಹೇಳುತ್ತಾನೆ. ಅದು ಪ್ರಹಸನದ ಮಾತಲ್ಲ, ಅದಕ್ಕೇ ನೆನಪಿನಲ್ಲಿ ಉಳಿಯುತ್ತದೆ.

ಹೆಂಗಸರ ಪಾತ್ರಗಳು ತೆಳು. ಹೆಂಡತಿಯಾಗಿ ಆಲಿಸನ್ ಸ್ಟೆಡ್‌ಮನ್, ಹಳೆಯ ಗೆಳತಿಯಾಗಿ ಪೆನೆಲೊಪಿ ವಿಲ್ಟನ್ ಇದ್ದೂ ಅವರಿಗೆ ಸಿಗುವುದು ಬಹುಪಾಲು ಗಾಬರಿಯೊಂದೇ.

ಇನ್ನೊಮ್ಮೆ ನೋಡುವಾಗ ಮಠದ ಭಾಗವನ್ನು ಸಹಿಸಿಕೊಂಡು ಸಮ್ಮೇಳನದ ಸಭಾಂಗಣದವರೆಗೆ ಕೂತಿರಿ. ಹರಿದ ಸೂಟಿನಲ್ಲಿ ಬಂದ ಸ್ಟಿಂಪ್ಸನ್ ದೊಡ್ಡ ದೊಡ್ಡ ಮುಖ್ಯೋಪಾಧ್ಯಾಯರನ್ನು ತನ್ನ ಶಾಲೆಯ ಹುಡುಗರಂತೆ ಗದರಿಸಿ, ಎಬ್ಬಿಸಿ ನಿಲ್ಲಿಸಿ ಪ್ರಾರ್ಥನಾಗೀತೆ ಹಾಡಿಸುತ್ತಾನೆ. ಬೆನ್ನಟ್ಟಿದವರೆಲ್ಲ ಬಂದು ಸೇರುವುದೂ ಅಲ್ಲಿಗೇ. ನಾಲ್ಕು ಗೋಡೆ, ಬಾಗಿಲು ಮತ್ತೆ ಸಿಕ್ಕಿವೆ, ನಗುವೂ ಬರುತ್ತದೆ.