ಬ್ರಷ್ ಹೋಗದ ಸಂದಿ

ಹೋದ ಬೇಸಿಗೆಯಲ್ಲಿ ನಮ್ಮ ಮನೆಯ ಕಮೋಡಿನ ಸೀಟು ಅಲ್ಲಾಡತೊಡಗಿತು. ಕೂತರೆ ಎಡಕ್ಕೆ ಜಾರುತ್ತಿತ್ತು. ಪ್ಲಂಬರ್ ಬಂದು, ಕಮೋಡಿನ ಹಿಂದೆ ಕೈ ತೂರಿಸಿ ನಟ್ಟು ಬಿಚ್ಚಲು ನೋಡಿದರು. ಜಪ್ಪಯ್ಯ ಅಂದರೂ ಅದು ಅಲುಗಲಿಲ್ಲ. ತುಕ್ಕು ಹಿಡಿದು ಬೋಲ್ಟೂ ನಟ್ಟೂ ಒಂದಾಗಿಬಿಟ್ಟಿದ್ದವು. ಕೊನೆಗೆ ಆಕ್ಸಾ ಬ್ಲೇಡಿಗೆ ಬಟ್ಟೆ ಸುತ್ತಿಕೊಂಡು, ಪಿಂಗಾಣಿಗೆ ಗೀರು ಬೀಳದ ಹಾಗೆ ಮುಕ್ಕಾಲು ಗಂಟೆ ಕೊಯ್ದು ತೆಗೆದರು. ಸೀಟು ಎತ್ತಿದಾಗ ಅದರ ಕೀಲಿನ ಪಾದ ಕೂತಿದ್ದ ಜಾಗದಲ್ಲಿ ಎರಡು ಕಂದು ಮಚ್ಚೆಗಳು ಕಂಡವು, ಒಂದೊಂದೂ ಹತ್ತು ರೂಪಾಯಿ ನಾಣ್ಯದಷ್ಟು ಅಗಲ. ಮೇಲೆ ಲೋಳೆ, ಕೆಳಗೆ ಉಗುರಿಗೂ ಜಗ್ಗದ ಕರೆ.

ವಾರಕ್ಕೆರಡು ಸಲ ತೊಳೆಯುವ ಕಮೋಡು ಅದು. ತೊಳೆಯುವವನು ನಾನೇ. ಎರಡು ವರ್ಷದಿಂದ ಹೋಗದೆ ಉಳಿದಿದ್ದ ಒಂದು ಮಂದ ವಾಸನೆಗೆ ನಾವು ಟ್ರ್ಯಾಪನ್ನು ದೂರಿದ್ದೆವು, ಎಕ್ಸಾಸ್ಟ್ ಫ್ಯಾನನ್ನು ದೂರಿದ್ದೆವು. ಹಳೆಯ ಸೀಟು ಕಿತ್ತು, ಆ ಜಾಗ ಉಜ್ಜಿದ ದಿನವೇ ವಾಸನೆ ಹೋಯಿತು. ಬ್ರಷ್ ಹೋಗದ ಆ ಸಂದಿಯನ್ನು ಯಾರು, ಯಾವಾಗ, ಯಾಕೆ ಮಾಡಿಟ್ಟರು ಎಂದು ಹುಡುಕಿಕೊಂಡು ಹೋದಾಗ ಸಿಕ್ಕಿದ್ದು ಸುಮಾರು ನೂರ ನಲವತ್ತು ವರ್ಷದ ಕತೆ.

ಕಮೋಡಿನ ಚರಿತ್ರೆ ಹೇಳುವವರೆಲ್ಲ ನೀರಿನ ಬಗ್ಗೆ ಹೇಳುತ್ತಾರೆ. 1775ರಲ್ಲಿ ಅಲೆಕ್ಸಾಂಡರ್ ಕಮಿಂಗ್ ಲಂಡನ್ನಿನಲ್ಲಿ ಬಾಗಿದ ಕೊಳವೆಗೆ, ಅಂದರೆ ದುರ್ವಾಸನೆ ತಡೆಯುವ ಟ್ರ್ಯಾಪಿಗೆ ಪೇಟೆಂಟ್ ಪಡೆದ. 1778ರಲ್ಲಿ ಜೋಸೆಫ್ ಬ್ರಾಮಾ ಅದರ ಕವಾಟವನ್ನು ಸುಧಾರಿಸಿದ. ಸೀಟಿನ ಬಗ್ಗೆ ಮಾತೇ ಇಲ್ಲ, ಯಾಕೆಂದರೆ ಆಗ ಸೀಟು ಬಡಗಿಯ ಕೆಲಸ. ಕೊಳವೆ, ಕವಾಟ, ಬೋಗುಣಿ ಎಲ್ಲವನ್ನೂ ಮರದ ಪೆಟ್ಟಿಗೆಯೊಳಗೆ ಮುಚ್ಚಿ, ಮೇಲಿನ ಹಲಗೆಯಲ್ಲಿ ದುಂಡಗೆ ಒಂದು ತೂತು ಕೊರೆಯುತ್ತಿದ್ದರು. ಆ ತೂತೇ ಸೀಟು. ಸಿಡಿದದ್ದು, ಸೋರಿದ್ದು ಎಲ್ಲ ಪೆಟ್ಟಿಗೆಯೊಳಗೆ ಇಳಿದು ಮರ ಕುಡಿಯುತ್ತಿತ್ತು.

ಶುಚಿಯಾದ ಸೀಟಿಗೆ ಜನ ದುಡ್ಡು ಕೊಡುತ್ತಾರೆ ಎಂಬುದು ಗೊತ್ತಾಗದೆ ಇರಲಿಲ್ಲ. 1851ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನಲ್ಲಿ ನಡೆದ ಮಹಾ ಪ್ರದರ್ಶನದಲ್ಲಿ ಜಾರ್ಜ್ ಜೆನ್ನಿಂಗ್ಸ್ ಸಾರ್ವಜನಿಕ ಶೌಚಾಲಯಗಳನ್ನು ಹಾಕಿದ. 8 ಲಕ್ಷಕ್ಕೂ ಹೆಚ್ಚು ಜನ ತಲಾ ಒಂದು ಪೆನ್ನಿ ಕೊಟ್ಟು ಬಳಸಿದರು. ಆ ಪೆನ್ನಿಗೆ ಸಿಗುತ್ತಿದ್ದದ್ದು ಒರೆಸಿಟ್ಟ ಸೀಟು, ಒಂದು ಟವೆಲು, ಒಂದು ಬಾಚಣಿಗೆ, ಬೂಟಿಗೆ ಪಾಲಿಶ್. ಸೀಟು ಒರೆಸಲು ಅಲ್ಲಿ ಆಳುಗಳಿದ್ದರು. ಒರೆಸಲು ಆಳಿರುವ ಕಡೆ ಒರೆಸುವುದನ್ನು ಸುಲಭ ಮಾಡಬೇಕೆಂದು ಯಾರಿಗೂ ಅನ್ನಿಸುವುದಿಲ್ಲ. ಈ ಚರಿತ್ರೆಯ ಉದ್ದಕ್ಕೂ ನನಗೆ ಕಂಡದ್ದು ಇದೇ.

1880ರ ದಶಕದಲ್ಲಿ ಪೆಟ್ಟಿಗೆ ಹೋಯಿತು. 1884ರ ಲಂಡನ್ ಆರೋಗ್ಯ ಪ್ರದರ್ಶನದಲ್ಲಿ ಜೆನ್ನಿಂಗ್ಸ್ ಕಂಪನಿಯ, ತನ್ನ ಕಾಲ ಮೇಲೆ ತಾನೇ ನಿಲ್ಲುವ ಪಿಂಗಾಣಿ ಕಮೋಡಿಗೆ ಚಿನ್ನದ ಪದಕ ಬಂತು. ಅದೇ ದಶಕದಲ್ಲಿ ಥಾಮಸ್ ಟ್ವೈಫರ್ಡ್ ‘ಯೂನಿಟಾಸ್’ ಎಂಬ ಮಾದರಿಯನ್ನು ಮಾರುಕಟ್ಟೆಗೆ ತಂದ: ಒಂದೇ ಅಚ್ಚಿನ ಪಿಂಗಾಣಿ, ಸುತ್ತ ಮರವಿಲ್ಲ, ನಾಲ್ಕೂ ಕಡೆ ಕೈಯಾಡಿಸಿ ತೊಳೆಯಬಹುದು. ಶುಚಿತ್ವದ ದೃಷ್ಟಿಯಿಂದ ಅದು ದೊಡ್ಡ ಹೆಜ್ಜೆ, ಅದರಲ್ಲಿ ಅನುಮಾನವಿಲ್ಲ.

ಆದರೆ ಪೆಟ್ಟಿಗೆ ಹೋದ ಮೇಲೆ ಸೀಟನ್ನು ಯಾವುದಕ್ಕೆ ಕಟ್ಟುವುದು? ಮೊದಮೊದಲು ಗೋಡೆಗೆ ಎರಕದ ಕಬ್ಬಿಣದ ಬ್ರಾಕೆಟ್ ಬಡಿದು, ಅದಕ್ಕೆ ಹಿತ್ತಾಳೆಯ ಕೀಲು ಹಾಕಿ, ಮಹಾಗನಿ ಮರದ ಸೀಟನ್ನು ಅಲ್ಲಿಂದ ಇಳಿಬಿಟ್ಟರು. ಈ ಏರ್ಪಾಡಿನಲ್ಲಿ ಸೀಟು ಪಿಂಗಾಣಿಯ ಮೇಲೆ ಬರೀ ಕೂರುತ್ತಿತ್ತು, ಅಂಟಿಕೊಂಡಿರುತ್ತಿರಲಿಲ್ಲ. ಆಮೇಲೆ ಸಿಸ್ಟರ್ನ್, ಅಂದರೆ ಫ್ಲಶ್ ನೀರಿನ ತೊಟ್ಟಿ, ಗೋಡೆಯ ಮೇಲಿಂದ ಇಳಿದು ಕಮೋಡಿನ ಬೆನ್ನಿಗೇ ಬಂದು ಕೂತಿತು, ಸೀಟಿಗೂ ಗೋಡೆಗೂ ನಡುವೆ ಜಾಗ ಮುಚ್ಚಿಹೋಯಿತು. ಪಿಂಗಾಣಿಯ ಹಿಂಬದಿಯಲ್ಲಿ ಎರಡು ತೂತು ಬಿಟ್ಟು, ಮೇಲಿಂದ ಬೋಲ್ಟು ಇಳಿಸಿ, ಕೆಳಗಿನಿಂದ ವಾಷರ್ ಹಾಕಿ ನಟ್ಟು ಬಿಗಿಯುವುದೇ ರೂಢಿಯಾಯಿತು. ಅಮೆರಿಕದಲ್ಲಿ ಆ ಎರಡು ತೂತುಗಳ ನಡುವಿನ ಅಂತರ ಐದೂವರೆ ಇಂಚು ಎಂದು ನೆಲೆಗೊಂಡಿತು. ನಮ್ಮ ಮನೆಯ ಕಂದು ಮಚ್ಚೆಯ ಹುಟ್ಟು ಇಲ್ಲಿ.

ಸಂದಿ ಯಾಕಾಗುತ್ತದೆ ಎಂಬುದನ್ನು ಇನ್ನೊಂದಿಷ್ಟು ಹತ್ತಿರದಿಂದ ನೋಡಬೇಕು. ಪಿಂಗಾಣಿ ಅಂದರೆ ಸುಟ್ಟ ಮಣ್ಣು. ಕುಲುಮೆಯಲ್ಲಿ 1,200 ಡಿಗ್ರಿ ಆಸುಪಾಸಿನ ಶಾಖಕ್ಕೆ ಸಿಕ್ಕಿದಾಗ ಅದು ನೂರಕ್ಕೆ ಹತ್ತರಷ್ಟೋ ಇನ್ನೂ ತುಸು ಹೆಚ್ಚೋ ಕುಗ್ಗುತ್ತದೆ, ಕುಗ್ಗುವಾಗ ಅಲ್ಪಸ್ವಲ್ಪ ಸೊಟ್ಟಗೂ ಆಗುತ್ತದೆ. ಹಾಗಾಗಿ ಒಂದು ಕಮೋಡಿನ ತೂತು ಇದ್ದಲ್ಲೇ ಇನ್ನೊಂದರದ್ದು ಇರುವುದಿಲ್ಲ. ಈ ಹೆಚ್ಚುಕಮ್ಮಿಗೆ ಹೊಂದಲಿ ಎಂದು ತೂತನ್ನು ಬೋಲ್ಟಿಗಿಂತ ದೊಡ್ಡದು ಬಿಡುತ್ತಾರೆ. ದೊಡ್ಡ ತೂತು ಕಾಣದ ಹಾಗೆ ಮುಚ್ಚಲು ಕೀಲಿಗೆ ಅಗಲವಾದ ಪಾದ ಕೊಡುತ್ತಾರೆ. ಪಾದ ಸಪಾಟು, ಪಿಂಗಾಣಿ ಪೂರ್ತಿ ಸಪಾಟಲ್ಲ. ನಡುವೆ ಕೂದಲೆಳೆಯಷ್ಟು ಜಾಗ ಉಳಿಯುತ್ತದೆ. ಬಟ್ಟೆಯ ಅಂಚನ್ನು ನೀರಿಗೆ ಮುಟ್ಟಿಸಿದರೆ ನೀರು ತಾನಾಗಿ ಏರುವಂತೆ, ಆ ಸಂದಿ ತೇವವನ್ನೆಲ್ಲ ತನ್ನೊಳಗೆ ಎಳೆದುಕೊಳ್ಳುತ್ತದೆ. ಒಳಗೆ ಹೋಗಲು ದಾರಿ ಇದೆ, ಒಣಗಲು ಗಾಳಿ ಇಲ್ಲ.

ಒಳಗೆ ಹೋಗುವುದು ಬರೀ ನೀರಲ್ಲ. ಮೂತ್ರದಲ್ಲಿ ಯೂರಿಯಾ ಇದೆ. ಬ್ಯಾಕ್ಟೀರಿಯಾಗಳು ಅದನ್ನು ಒಡೆದಾಗ ಅಮೋನಿಯಾ ಬರುತ್ತದೆ. ಮೂಗಿಗೆ ಹೊಡೆಯುವುದು ಅದೇ. ಅಮೋನಿಯಾದಿಂದ ದ್ರವ ಕ್ಷಾರವಾಗುತ್ತದೆ, ಕ್ಷಾರವಾದ ಕೂಡಲೇ ಅದರಲ್ಲಿ ಕರಗಿದ್ದ ಕ್ಯಾಲ್ಸಿಯಂ, ಮೆಗ್ನೀಸಿಯಂ, ಫಾಸ್ಫೇಟ್‌ಗಳು ಗಟ್ಟಿಯಾಗಿ ಕೂರುತ್ತವೆ. ಹೀಗೆ ಕೂತ ಕರೆಯ ಒರಟು ಮೈಯಲ್ಲಿ ಮತ್ತಷ್ಟು ಬ್ಯಾಕ್ಟೀರಿಯಾ ಮನೆ ಮಾಡುತ್ತವೆ. ಒಮ್ಮೆ ಶುರುವಾದ ಮೇಲೆ ಅದು ತಾನಾಗಿ ಬೆಳೆಯುವ ಸಂಸಾರ.

ಹೊರಗಿನಿಂದ ಬಂದು ಬೀಳುವುದೂ ಇದೆ. ಅಮೆರಿಕದ ಸೂಕ್ಷ್ಮಜೀವಿ ವಿಜ್ಞಾನಿ ಚಾರ್ಲ್ಸ್ ಗೆರ್ಬಾ ಮತ್ತು ಸಂಗಡಿಗರು 1975ರಲ್ಲೇ ಪ್ರಕಟಿಸಿದ ಅಧ್ಯಯನ, ಫ್ಲಶ್ ಮಾಡಿದಾಗ ಏಳುವ ಹನಿಗಳು ಸೂಕ್ಷ್ಮಜೀವಿಗಳನ್ನು ಹೊತ್ತು ಸುತ್ತಲ ಮೇಲ್ಮೈಗಳ ಮೇಲೆ ಇಳಿಯುತ್ತವೆ ಎಂದು ತೋರಿಸಿತು. 2022ರ ಕೊನೆಯಲ್ಲಿ ಅಮೆರಿಕದ ಕೊಲೊರಾಡೊ ಬೋಲ್ಡರ್ ವಿಶ್ವವಿದ್ಯಾಲಯದವರು ಹಸಿರು ಲೇಸರ್ ಬೆಳಕಿನಲ್ಲಿ ಆ ಹನಿಗಳನ್ನು ಕಣ್ಣಿಗೇ ಕಾಣಿಸಿದರು: ಮುಚ್ಚಳವಿಲ್ಲದ ಕಮೋಡಿನಿಂದ ಎಂಟು ಸೆಕೆಂಡಿನಲ್ಲಿ ಒಂದೂವರೆ ಮೀಟರ್ ಎತ್ತರಕ್ಕೆ. ಬಿದ್ದದ್ದನ್ನು ಒರೆಸಿದರೆ ಹೋಗುತ್ತದೆ. ಒರೆಸಲಾಗದ ಕಡೆ ಬಿದ್ದದ್ದು ಉಳಿಯುತ್ತದೆ, ಅಷ್ಟೇ ವ್ಯತ್ಯಾಸ.

ಇಪ್ಪತ್ತನೇ ಶತಮಾನದಲ್ಲಿ ಸೀಟಿನ ವಸ್ತು ಬದಲಾಯಿತು: ಮರ ಹೋಗಿ ಬೇಕಲೈಟ್ ಬಂತು, ಆಮೇಲೆ ಬಗೆಬಗೆಯ ಪ್ಲಾಸ್ಟಿಕ್ ಬಂತು. ಆಕಾರದಲ್ಲೂ ಒಂದು ಬದಲಾವಣೆ ಆಯಿತು. ಅಮೆರಿಕದ ಪ್ಲಂಬಿಂಗ್ ನಿಯಮಾವಳಿ 1955ರಿಂದ ಸಾರ್ವಜನಿಕ ಶೌಚಾಲಯಗಳಿಗೆ ಮುಂದೆ ತೆರೆದ, ಲಾಳದಾಕಾರದ ಸೀಟು ಬೇಕೆಂದಿತು. ಬಳಸುವವರ ಮೈಗೆ ಮುಂಭಾಗದ ಗಲೀಜು ತಾಗಬಾರದು ಎಂಬುದು ಉದ್ದೇಶ. ಒಳ್ಳೆಯದೇ. ಆದರೆ ಗಮನಿಸಿ, ಕೂರುವವರಿಗೆ ತಾಗುವ ಕಡೆಯನ್ನು ಕತ್ತರಿಸಿ ತೆಗೆದರು, ತೊಳೆಯುವವರ ಕೈಗೆ ಸಿಗದ ಹಿಂಭಾಗವನ್ನು ಇದ್ದ ಹಾಗೇ ಬಿಟ್ಟರು.

ಕೀಲು ಬದಲಾಗಲು ಮುಖ್ಯವಾಗಿ ಎರಡು ಬೇರೆಯೇ ಕಾರಣಗಳು ಬೇಕಾದವು. ಎರಡೂ ನೇರವಾಗಿ ಶುಚಿತ್ವದ್ದಲ್ಲ.

ಒಂದು ಜಪಾನಿನದು. ಅಲ್ಲಿಯ ಟೋಟೋ ಕಂಪನಿ, ನೀರು ಚಿಮ್ಮಿ ತೊಳೆಯುವ ಸೀಟನ್ನು 1960ರ ದಶಕದಲ್ಲಿ ಅಮೆರಿಕದಿಂದ ತರಿಸಿ ಮಾರುತ್ತಿತ್ತು, 1980ರಲ್ಲಿ ‘ವಾಶ್‌ಲೆಟ್’ ಎಂಬ ತನ್ನದೇ ಸೀಟನ್ನು ತಂದಿತು. ಇಂದು ಜಪಾನಿನ ಹತ್ತರಲ್ಲಿ ಎಂಟು ಮನೆಯಲ್ಲಿ ಅಂಥ ಸೀಟಿದೆ. ಅದರಲ್ಲಿ ಮೋಟಾರು, ಹೀಟರು, ನೀರಿನ ನಳಿಕೆ ಎಲ್ಲ ಇರುವುದರಿಂದ ರಿಪೇರಿಗೆ ಬಿಚ್ಚುವಂತಿರಬೇಕು. ಆದ್ದರಿಂದ ಕಮೋಡಿಗೆ ಬೋಲ್ಟು ಮಾಡುವುದು ಒಂದು ತೆಳು ಹಲಗೆಯನ್ನು ಮಾತ್ರ, ಸೀಟು ಅದರ ಮೇಲೆ ಹಿಂದಕ್ಕೆ ಜಾರಿ ಟಕ್ ಎಂದು ಕೂರುತ್ತದೆ. ಪಕ್ಕದ ಗುಂಡಿ ಒತ್ತಿ ಮುಂದಕ್ಕೆ ಎಳೆದರೆ ಇಡೀ ಸೀಟು ಕೈಗೆ ಬರುತ್ತದೆ. ಆಮೇಲಿನ ಕೆಲವು ಮಾದರಿಗಳಲ್ಲಿ ಸೀಟಿನ ಹಿಂಭಾಗವನ್ನು ಕಳಚದೆಯೇ ಮೇಲಕ್ಕೆತ್ತಿ ಅಡಿ ಒರೆಸುವ ಏರ್ಪಾಡೂ ಬಂತು. ಶಾಲೆಯಲ್ಲಿ ಮಕ್ಕಳೇ ಕಸ ಗುಡಿಸುವ, ಮನೆಯವರೇ ಮನೆಯ ಶೌಚಾಲಯ ತೊಳೆಯುವ ಸಮಾಜದಲ್ಲಿ ಇಂಥದ್ದು ಬೇಗ ಬೇರೂರಿದ್ದು ನನಗೆ ಆಶ್ಚರ್ಯವೆನಿಸುವುದಿಲ್ಲ.

ಇನ್ನೊಂದು ಯುರೋಪಿನದು. ಗೋಡೆಗೆ ತೂಗುವ ಕಮೋಡು, ಅಂದರೆ ನಾವೀಗ ‘ವಾಲ್ ಹಂಗ್’ ಅನ್ನುವುದು ಹೆಚ್ಚಾದಾಗ ಕೆಳಗಿನಿಂದ ಕೈ ಹಾಕಿ ನಟ್ಟು ಬಿಗಿಯಲು ಜಾಗವೇ ಇಲ್ಲದಾಯಿತು. ಮೇಲಿಂದಲೇ ಬಿಗಿಯುವ ಬೋಲ್ಟು ಬೇಕಾಯಿತು: ತೂತಿನೊಳಗೆ ರಬ್ಬರ್ ಬಿರಡೆ ಇಳಿಸಿ, ಸ್ಕ್ರೂ ತಿರುಗಿಸಿದರೆ ಅದು ಉಬ್ಬಿ ಕಚ್ಚಿಕೊಳ್ಳುತ್ತದೆ. ಹೀಗೆ ಮೇಲಿಂದ ಕೂರಿಸಿದ ಸಣ್ಣ ಗೂಟದ ಮೇಲೆ ಸೀಟನ್ನು ಒತ್ತಿ ಕೂರಿಸಿ, ಗುಂಡಿ ಒತ್ತಿ ಎತ್ತುವುದು ಮುಂದಿನ ಸಹಜ ಹೆಜ್ಜೆ. ಅಮೆರಿಕದ ವಿಸ್ಕಾನ್ಸಿನ್‌ನ ಬೆಮಿಸ್ ಕಂಪನಿ ತನ್ನದೇ ದಾರಿ ಹಿಡಿಯಿತು, ಅದರಲ್ಲಿ ಕೀಲಿನ ಟೊಪ್ಪಿಗೆಯನ್ನು ತಿರುಗಿಸಿದರೆ ಸೀಟು ಬಿಟ್ಟುಕೊಳ್ಳುತ್ತದೆ. ಮೆಲ್ಲಗೆ ಇಳಿಯುವ ಸಾಫ್ಟ್ ಕ್ಲೋಸ್ ಸೀಟಿನ ಜೊತೆಯಲ್ಲೇ ಈ ಕಳಚುವ ಕೀಲೂ ಪೇಟೆಗೆ ಬಂತು. ಅಂಗಡಿಯವರು ಸಾಫ್ಟ್ ಕ್ಲೋಸನ್ನೇ ಕೈಯಲ್ಲಿ ಆಡಿಸಿ ತೋರಿಸುತ್ತಾರೆ, ಗುಂಡಿಯ ವಿಷಯ ಹೇಳುವವರು ಕಡಿಮೆ.

ಹಾಗೆಂದು ಕಳಚುವ ಕೀಲು ದೋಷವಿಲ್ಲದ್ದೇನಲ್ಲ. ಪ್ಲಾಸ್ಟಿಕ್ ಹಿಡಿತ ಸವೆದರೆ ಸೀಟು ಆಡುತ್ತದೆ. ಸುಲಭವಾಗಿ ಕಳಚುವುದನ್ನು ಸಾರ್ವಜನಿಕ ಜಾಗದಲ್ಲಿ ಸುಲಭವಾಗಿ ಹೊತ್ತೊಯ್ಯಲೂಬಹುದು. ಗೂಟದ ಬುಡದಲ್ಲಿ ಸಣ್ಣ ಸಂದಿಯಂತೂ ಉಳಿದೇ ಉಳಿಯುತ್ತದೆ. ಹಾಲಿನ ಡೈರಿಯ ಯಂತ್ರಗಳನ್ನು ನೋಡಿದವರಿಗೆ ಈ ಕೊರತೆ ಎದ್ದು ಕಾಣುತ್ತದೆ. ಆಹಾರ ಯಂತ್ರಗಳ ಶುಚಿತ್ವಕ್ಕೆಂದೇ 1989ರಲ್ಲಿ ಹುಟ್ಟಿದ ಯುರೋಪಿನ ಇಎಚ್‌ಇಡಿಜಿ ಎಂಬ ಸಂಸ್ಥೆಯ ಪಾಠಗಳು ಸರಳ: ಮರೆ (ಸ್ಕ್ರೂವಿನ ಹಲ್ಲು) ಬಯಲಿಗೆ ತೆರೆದಿರಬಾರದು, ಎರಡು ಭಾಗ ಸೇರುವಲ್ಲಿ ಸಂದಿ ಇರಬಾರದು, ಮೂಲೆಗಳು ದುಂಡಗಿರಬೇಕು, ನೀರು ನಿಲ್ಲದೆ ಹರಿದುಹೋಗಬೇಕು. ಕಮೋಡಿನ ಹಳೇ ಕೀಲು ಈ ನಾಲ್ಕನ್ನೂ ಮುರಿಯುತ್ತದೆ.

ನಮ್ಮಲ್ಲಿ ತೊಂದರೆ ಇನ್ನೂ ಒಂದು ಪಟ್ಟು ಹೆಚ್ಚು. ಮೊದಲೇ ಹೇಳಿದ ಆ ಟ್ವೈಫರ್ಡ್ ಕಂಪನಿಯ ಸಹಯೋಗದಲ್ಲಿ 1960ರಲ್ಲಿ ಹಿಂದುಸ್ತಾನ್ ಟ್ವೈಫರ್ಡ್ಸ್ ಶುರುವಾಯಿತು, ಇಂದಿನ ಹಿಂದ್‌ವೇರ್‌ನ ಮೂಲ ಅದು. ಕಮೋಡಿನ ಜೊತೆ ಅದರ ಕೀಲೂ ಬಂತು. ಆದರೆ ಅದು ಒರೆಸುವ ದೇಶದ ಕೀಲು, ನಮ್ಮದು ನೀರು ಹೊಯ್ದು ತೊಳೆಯುವ ಮನೆ. ಜೆಟ್ ಸ್ಪ್ರೇ ಹಿಡಿದರೆ ನೀರು ನೇರ ಸೀಟಿನ ಬುಡಕ್ಕೇ ಹೋಗುತ್ತದೆ. ಮೊದಮೊದಲು ಕುಕ್ಕರಗಾಲಿನಲ್ಲಿ ಕೂರುವವರಿಗೂ ಆಗಲಿ ಎಂದು ಅಕ್ಕಪಕ್ಕ ಪಾದದ ಜಾಗ ಬಿಟ್ಟ ಆಂಗ್ಲೋ ಇಂಡಿಯನ್ ಕಮೋಡು ಮಾಡಿದೆವು, ಸೀಟಿನ ಕೀಲನ್ನು ಮಾತ್ರ ನಮ್ಮ ನೀರಿಗೆ ತಕ್ಕ ಹಾಗೆ ತಿದ್ದಲಿಲ್ಲ. ಬೆಂಗಳೂರಿನ ಬೋರ್‌ವೆಲ್ ನೀರು ಗಡಸು. ಒಣಗಿದಲ್ಲೆಲ್ಲ ಬಿಳಿ ಕರೆ ಬಿಡುತ್ತದೆ. ಆ ಕರೆಗೆ ನಾವು ಆಸಿಡ್ ಹಾಕುತ್ತೇವೆ. ಹೈಡ್ರೋಕ್ಲೋರಿಕ್ ಆಸಿಡ್ಡು ಕರೆಯನ್ನು ಕರಗಿಸುವುದು ನಿಜ, ಜೊತೆಗೆ ಉಕ್ಕಿನ ಬೋಲ್ಟನ್ನೂ ತಿನ್ನುತ್ತದೆ. ಅದರ ಹಬೆ ಸ್ಟೇನ್‌ಲೆಸ್ ಸ್ಟೀಲನ್ನೂ ಬಿಡುವುದಿಲ್ಲ. ನಮ್ಮ ಮನೆಯ ನಟ್ಟು ಬೋಲ್ಟು ಅಂಟಿಕೊಂಡಿದ್ದಕ್ಕೆ ನಾನು ವಾರವಾರ ಸುರಿದ ಆಸಿಡ್ಡಿನ ಪಾಲೂ ಇತ್ತು.

ಪ್ಲಾಸ್ಟಿಕ್ ಸೀಟುಗಳಿಗೆ ಐಎಸ್ 2548 ಎಂಬ ಭಾರತೀಯ ಮಾನಕವಿದೆ. ಆಸ್ಪತ್ರೆ, ಹಾಸ್ಟೆಲು, ಕಚೇರಿಗಳಿಗೆ ನೂರಾರು ಸೀಟು ಕೊಳ್ಳುವವರು ಟೆಂಡರಿನಲ್ಲಿ ಇನ್ನೊಂದು ಸಾಲು ಸೇರಿಸಿದರೆ ಸಾಕು: ಉಪಕರಣವಿಲ್ಲದೆ, ಕೈಗವಸು ತೊಟ್ಟ ಕೈಯಲ್ಲಿ ಸೀಟು ಕಳಚಲು ಬರಬೇಕು. ಕಳ್ಳತನದ ಭಯವಿದ್ದಲ್ಲಿ ಮೇಲ್ವಿಚಾರಕರ ಬಳಿ ಒಂದು ಕೀಲಿ ಇರಲಿ. ಇದನ್ನು ಯಾರೂ ಕೇಳುವುದಿಲ್ಲ, ಯಾಕೆಂದರೆ ಸೀಟು ಆರಿಸುವವರು ಬೇರೆ, ಅದನ್ನು ತೊಳೆಯುವವರು ಬೇರೆ. ಇದು ನಮ್ಮಲ್ಲಿ ಹಳೆಯ ರೋಗ. ತಲೆ ಮೇಲೆ ಮಲ ಹೊರಿಸುವುದನ್ನು ನಿಲ್ಲಿಸಲು 1970ರ ದಶಕದಲ್ಲಿ ಕರ್ನಾಟಕದಲ್ಲಿ ಬಿ. ಬಸವಲಿಂಗಪ್ಪನವರಂಥ ಮಂತ್ರಿ ಹಟ ಹಿಡಿಯಬೇಕಾಯಿತು. ಆ ಅನ್ಯಾಯದ ಮುಂದೆ ಬೋಲ್ಟಿನ ಸಂದಿ ತೀರಾ ಚಿಕ್ಕದು, ನಿಜ. ಆದರೆ ದಿನಕ್ಕೆ ಮೂವತ್ತು ಕಮೋಡು ತೊಳೆಯುವ ಹೆಣ್ಣುಮಗಳು ಆ ಸಂದಿಗೆ ಬೆರಳ ತುದಿಗೆ ಬಟ್ಟೆ ಸುತ್ತಿ ತುರುಕುವುದನ್ನು ಒಮ್ಮೆ ನೋಡಿದರೆ ಚಿಕ್ಕದು ಅನ್ನಿಸುವುದಿಲ್ಲ.

ಹೊಸ ಸೀಟು ಕೊಳ್ಳಲು ಎಸ್‌ಜೆಪಿ ರಸ್ತೆಗೆ ಹೋದಾಗ ಅಂಗಡಿಯಲ್ಲೇ ಕಳಚಿ ತೋರಿಸಿ ಎಂದೆ. ಒಂದರ ಗುಂಡಿ ಕೂತೇ ಹೋಗಿತ್ತು. ಇನ್ನೊಂದರ ಗೂಟದ ಕೆಳಗೆ ರಬ್ಬರ್ ವಾಷರ್ ಇರಲಿಲ್ಲ. ಮೂರನೆಯದನ್ನು ತಂದೆ. ಈಗ ಶನಿವಾರ ಗುಂಡಿ ಒತ್ತಿ ಸೀಟು ಎತ್ತುತ್ತೇನೆ, ಬಚ್ಚಲಿನ ನಲ್ಲಿಯಡಿ ಹಿಡಿದು ತೊಳೆಯುತ್ತೇನೆ, ಎರಡು ಗೂಟ ಒರೆಸಿ, ಒಣಗಿದ ಮೇಲೆ ಮತ್ತೆ ಒತ್ತಿ ಕೂರಿಸುತ್ತೇನೆ. ಆಸಿಡ್ ತರುವುದು ಬಿಟ್ಟಿದ್ದೇನೆ. ಎಡಗಡೆಯ ಗೂಟದ ಬುಡಕ್ಕೆ ಮಾತ್ರ ಇನ್ನೂ ಹಳೆಯ ಹಲ್ಲುಜ್ಜುವ ಬ್ರಷ್ ಬೇಕು.