ಸಾಲದ ಲೆಕ್ಕ, ಅಲೆಗಳ ಲೆಕ್ಕ: ವೊಡಾಫೋನ್ ಐಡಿಯಾ ನೆಟ್‌ವರ್ಕ್ ಸೊರಗಿದ ಬಗೆ

2019ರ ನವೆಂಬರ್‌ನಲ್ಲಿ ವೊಡಾಫೋನ್ ಐಡಿಯಾ ಕಂಪನಿಯು ಹಿಂದಿನ ಮೂರು ತಿಂಗಳ ಲೆಕ್ಕವನ್ನು ಪ್ರಕಟಿಸಿದಾಗ ಅದರಲ್ಲಿ 50,921 ಕೋಟಿ ರೂಪಾಯಿಯ ನಷ್ಟ ನಮೂದಾಗಿತ್ತು. ಅದುವರೆಗೆ ಭಾರತದ ಯಾವ ಕಂಪನಿಯೂ ಒಂದೇ ತ್ರೈಮಾಸಿಕದಲ್ಲಿ ಇಷ್ಟು ದೊಡ್ಡ ನಷ್ಟವನ್ನು ತೋರಿಸಿರಲಿಲ್ಲ. ಆ ಮೂರು ತಿಂಗಳಲ್ಲಿ ಕಂಪನಿಯ ಟವರ್‌ಗಳೇನೂ ಉರುಳಿರಲಿಲ್ಲ, ಕರೆಗಳು ನಿಂತಿರಲಿಲ್ಲ. ನಷ್ಟದ ದೊಡ್ಡ ಪಾಲು ಬಂದದ್ದು ನ್ಯಾಯಾಲಯದ ಒಂದು ತೀರ್ಪಿನಿಂದ ತಲೆಯ ಮೇಲೆ ಬಿದ್ದ ಬಾಕಿಗಾಗಿ ತೆಗೆದಿಡಬೇಕಾದ ಹಣದ ರೂಪದಲ್ಲಿ. ಆದರೆ ಮುಂದಿನ ವರ್ಷಗಳಲ್ಲಿ ಅದೇ ನಷ್ಟವು ಲೆಕ್ಕಪತ್ರದಿಂದ ಹೊರಬಂದು ಗ್ರಾಹಕರ ಫೋನಿನಲ್ಲಿ ಕಾಣಿಸಿಕೊಂಡಿತು: ಮನೆಯೊಳಗೆ ಬಂದರೆ ಸಿಗ್ನಲ್ ಹೋಗುತ್ತಿತ್ತು, ಸಂಜೆಯ ಹೊತ್ತಿಗೆ ಇಂಟರ್ನೆಟ್ ತೆವಳುತ್ತಿತ್ತು. ಹಣದ ಕೊರತೆಯು ರೇಡಿಯೋ ಅಲೆಗಳ ಕೊರತೆಯಾಗಿ ಮಾರ್ಪಡುವುದು ಹೇಗೆ ಎಂಬುದನ್ನು ತಿಳಿಯಲು ಈ ಕಂಪನಿಗಿಂತ ಸ್ಪಷ್ಟವಾದ ಉದಾಹರಣೆ ನಮ್ಮ ದೇಶದಲ್ಲಿ ಇನ್ನೊಂದಿಲ್ಲ.

ವೊಡಾಫೋನ್ ಭಾರತಕ್ಕೆ ಕಾಲಿಟ್ಟದ್ದು 2007ರಲ್ಲಿ, ಹಚ್ ಕಂಪನಿಯ ಬಹುಪಾಲನ್ನು ಖರೀದಿಸುವ ಮೂಲಕ. ಬಿರ್ಲಾ ಸಮೂಹದ ಐಡಿಯಾ ಅದಕ್ಕಿಂತ ಹಳೆಯದು. ಕರ್ನಾಟಕದಲ್ಲಿ ಅದು ಬೇರೂರಿದ್ದು 2008ರಲ್ಲಿ ಸ್ಪೈಸ್ ಕಂಪನಿಯನ್ನು ತನ್ನದಾಗಿಸಿಕೊಂಡ ಮೇಲೆ. 2016ರ ಸೆಪ್ಟೆಂಬರ್‌ನಲ್ಲಿ ಜಿಯೊ ಉಚಿತ ಕರೆ ಮತ್ತು ಅತಿ ಅಗ್ಗದ ಡೇಟಾದೊಂದಿಗೆ ಮಾರುಕಟ್ಟೆಗೆ ಇಳಿದಾಗ ಉಳಿದೆಲ್ಲ ಕಂಪನಿಗಳ ಆದಾಯ ಕುಸಿಯಿತು. ಒಬ್ಬೊಬ್ಬರೇ ಎದುರಿಸಲಾಗದೆ ವೊಡಾಫೋನ್ ಮತ್ತು ಐಡಿಯಾ 2018ರ ಆಗಸ್ಟ್ 31ರಂದು ವಿಲೀನಗೊಂಡವು. ಅಂದು ಅವುಗಳ ಒಟ್ಟು ಚಂದಾದಾರರು 40.8 ಕೋಟಿ, ಗ್ರಾಹಕರ ಸಂಖ್ಯೆಯಲ್ಲಿ ಅದು ದೇಶದ ಅತಿ ದೊಡ್ಡ ಮೊಬೈಲ್ ಕಂಪನಿಯಾಗಿತ್ತು. 2025ರ ಹೊತ್ತಿಗೆ ಆ ಸಂಖ್ಯೆ 20 ಕೋಟಿಯ ಆಸುಪಾಸಿಗೆ ಇಳಿದಿದೆ.

ಈ ಕುಸಿತವನ್ನು ಅರ್ಥಮಾಡಿಕೊಳ್ಳಬೇಕಾದರೆ ಮೊದಲು ಟವರ್ ಮತ್ತು ಫೋನಿನ ನಡುವೆ ಏನು ನಡೆಯುತ್ತದೆ ಎಂಬುದನ್ನು ನೋಡಬೇಕು. ಸರ್ಕಾರವು ಹರಾಜಿನಲ್ಲಿ ಮಾರುವ ಸ್ಪೆಕ್ಟ್ರಂ ಎಂದರೆ ಗೊತ್ತುಪಡಿಸಿದ ಕಂಪನಾಂಕಗಳ ಪಟ್ಟಿಯಲ್ಲಿ, ಅಂದರೆ ಬ್ಯಾಂಡ್‌ನಲ್ಲಿ, ರೇಡಿಯೋ ಅಲೆಗಳನ್ನು ಹೊರಡಿಸುವ ಹಕ್ಕು. ಎಲ್ಲ ಪಟ್ಟಿಗಳೂ ಒಂದೇ ಗುಣದವಲ್ಲ. 900 ಮೆಗಾಹರ್ಟ್ಸ್‌ನ ಅಲೆಯೊಂದರ ಉದ್ದ ಸುಮಾರು 33 ಸೆಂಟಿಮೀಟರ್. 5ಜಿಗೆ ಬಳಸುವ 3,300 ಮೆಗಾಹರ್ಟ್ಸ್‌ನಲ್ಲಿ ಅದು ಸುಮಾರು 9 ಸೆಂಟಿಮೀಟರ್. ಫೋನಿನ ಒಳಗಿನ ಆಂಟೆನಾ ಅಲೆಯ ಉದ್ದಕ್ಕೆ ತಕ್ಕಂತೆ ಚಿಕ್ಕದಾಗುತ್ತದೆ, ಆದ್ದರಿಂದ ಅದು ಹಿಡಿಯಬಲ್ಲ ಶಕ್ತಿಯೂ ಕಡಿಮೆಯಾಗುತ್ತದೆ. ಉಳಿದೆಲ್ಲವೂ ಸಮನಾಗಿದ್ದರೆ, ಒಂದೇ ದೂರದಲ್ಲಿ 3,300 ಮೆಗಾಹರ್ಟ್ಸ್‌ನಲ್ಲಿ ಫೋನಿಗೆ ದಕ್ಕುವ ಶಕ್ತಿಯು 900 ಮೆಗಾಹರ್ಟ್ಸ್‌ನಲ್ಲಿ ದಕ್ಕುವುದರ ಹದಿಮೂರನೆಯ ಒಂದು ಭಾಗ ಮಾತ್ರ. ಇದರ ಮೇಲೆ ಇಟ್ಟಿಗೆ ಮತ್ತು ಕಾಂಕ್ರೀಟ್ ಗೋಡೆಗಳು ಹೆಚ್ಚು ಕಂಪನಾಂಕದ ಅಲೆಗಳನ್ನು ಹೆಚ್ಚಾಗಿ ಹೀರಿಕೊಳ್ಳುತ್ತವೆ. ಅಂಗಳದಲ್ಲಿ ಚೆನ್ನಾಗಿದ್ದ ಸಿಗ್ನಲ್ ಅಡುಗೆಮನೆಯಲ್ಲಿ ಇಲ್ಲವಾಗುವುದಕ್ಕೆ ಬಹುತೇಕ ಇದೇ ಕಾರಣ.

ಇನ್ನೊಂದು ತೊಡಕು ಹಿಮ್ಮುಖ ದಾರಿಯದು. ಟವರ್‌ನಿಂದ ಹೊರಡುವ ಶಕ್ತಿ ಹತ್ತಾರು ವ್ಯಾಟ್‌ಗಳಷ್ಟಿದ್ದರೆ, 4ಜಿ ಫೋನು ಹೊರಡಿಸುವ ಗರಿಷ್ಠ ಶಕ್ತಿ ಸಾಮಾನ್ಯವಾಗಿ ವ್ಯಾಟ್‌ನ ಐದನೆಯ ಒಂದು ಭಾಗ. ಹಾಗಾಗಿ ಒಂದು ಟವರ್ ಎಷ್ಟು ದೂರದವರೆಗೆ ಸೇವೆ ಕೊಡಬಲ್ಲದು ಎಂಬುದನ್ನು ನಿರ್ಧರಿಸುವುದು ಹೆಚ್ಚಿನ ಸಲ ಟವರ್‌ನ ಬಲವಲ್ಲ, ಫೋನಿನ ದುರ್ಬಲ ದನಿ. ಟವರ್‌ನ ಶಕ್ತಿಯನ್ನು ಹೆಚ್ಚಿಸುವುದರಿಂದ ಇದು ಪರಿಹಾರವಾಗುವುದಿಲ್ಲ. ಟವರ್ ಜನರಿಗೆ ಇನ್ನಷ್ಟು ಹತ್ತಿರ ಬರಬೇಕು ಅಥವಾ ಕಡಿಮೆ ಕಂಪನಾಂಕದ ಅಲೆಯನ್ನು ಬಳಸಬೇಕು.

ಅಲೆ ತಲುಪಿದರಷ್ಟೇ ಸಾಲದು, ಅದು ಎಷ್ಟು ಮಾಹಿತಿಯನ್ನು ಹೊರಬಲ್ಲದು ಎಂಬ ಪ್ರಶ್ನೆಯೂ ಇದೆ. 1948ರಲ್ಲಿ ಕ್ಲಾಡ್ ಶ್ಯಾನನ್ ಇದಕ್ಕೆ ಒಂದು ಮಿತಿಯನ್ನು ಗಣಿತದಿಂದ ತೋರಿಸಿಕೊಟ್ಟರು. ಒಂದು ಸಂವಹನ ಮಾರ್ಗದ ಸಾಮರ್ಥ್ಯವು ಅದಕ್ಕೆ ದೊರೆತ ಪಟ್ಟಿಯ ಅಗಲಕ್ಕೆ ನೇರ ಅನುಪಾತದಲ್ಲಿ ಬೆಳೆಯುತ್ತದೆ. ಆದರೆ ಸಿಗ್ನಲ್‌ನ ಬಲ ಹೆಚ್ಚಿದಂತೆ ಅದು ಲಾಗರಿದಮ್ ಪ್ರಮಾಣದಲ್ಲಿ, ಎಂದರೆ ಬಹಳ ನಿಧಾನವಾಗಿ ಏರುತ್ತದೆ. ಸಿಗ್ನಲ್ ಗದ್ದಲಕ್ಕಿಂತ, ಅಂದರೆ ಅದರೊಂದಿಗೆ ಬೆರೆಯುವ ಅನಗತ್ಯ ಅಲೆಗಳಿಗಿಂತ, 15 ಪಟ್ಟು ಬಲವಾಗಿದೆ ಎಂದುಕೊಳ್ಳೋಣ. ಅದನ್ನು 30 ಪಟ್ಟಿಗೆ ಏರಿಸಿದರೆ ಸಾಮರ್ಥ್ಯ ಹೆಚ್ಚುವುದು ಶೇ 24ರಷ್ಟು ಮಾತ್ರ. ಅದರ ಬದಲು ಪಟ್ಟಿಯ ಅಗಲವನ್ನು 5 ಮೆಗಾಹರ್ಟ್ಸ್‌ನಿಂದ 10ಕ್ಕೆ ಏರಿಸಿ, ಸಿಗ್ನಲ್ ಮತ್ತು ಗದ್ದಲದ ಅನುಪಾತವನ್ನು ಹಾಗೆಯೇ ಉಳಿಸಿಕೊಂಡರೆ ಸಾಮರ್ಥ್ಯ ದುಪ್ಪಟ್ಟಾಗುತ್ತದೆ. ಆದ್ದರಿಂದ ಸಂಜೆಯ ದಟ್ಟಣೆಯನ್ನು ತಾಳಿಕೊಳ್ಳಬೇಕಾದ ಕಂಪನಿಗೆ ಮೂರೇ ದಾರಿಗಳಿವೆ: ಹೆಚ್ಚು ಸ್ಪೆಕ್ಟ್ರಂ ಕೊಳ್ಳಬೇಕು, ಅದೇ ಸ್ಪೆಕ್ಟ್ರಂ ಹೆಚ್ಚು ಕಡೆ ಮರುಬಳಕೆಯಾಗುವಂತೆ ಟವರ್‌ಗಳನ್ನು ಒತ್ತೊತ್ತಾಗಿ ನಿಲ್ಲಿಸಬೇಕು, ಇಲ್ಲವೇ ಒಂದೇ ಫಲಕದಲ್ಲಿ ಹತ್ತಾರು ಆಂಟೆನಾಗಳನ್ನು ಜೋಡಿಸಿ ಒಬ್ಬೊಬ್ಬ ಬಳಕೆದಾರರತ್ತ ಪ್ರತ್ಯೇಕ ಕಿರಣವನ್ನು ತಿರುಗಿಸುವ ‘ಮ್ಯಾಸಿವ್ ಮೈಮೋ’ ಉಪಕರಣವನ್ನು ತರಬೇಕು. ಮೂರಕ್ಕೂ ದೊಡ್ಡ ಮೊತ್ತದ ಹಣ ಬೇಕು, ಮತ್ತು ಬೇಡಿಕೆ ಬೆಳೆಯುವ ವೇಗದಲ್ಲೇ ಅದು ಬೇಕು.

ವಿಲೀನದ ಸಮಯದಲ್ಲಿ ಕಂಪನಿಯ ಮುಂದಿದ್ದದ್ದು ಎಂಜಿನಿಯರುಗಳ ಪಾಲಿಗೆ ಅಸಾಧಾರಣ ಕೆಲಸ. ದೇಶದ 22 ಟೆಲಿಕಾಂ ವೃತ್ತಗಳಲ್ಲೂ (ಪರವಾನಗಿಗಾಗಿ ವಿಂಗಡಿಸಿದ ಸೇವಾ ಪ್ರದೇಶಗಳಲ್ಲೂ) ಎರಡೆರಡು ನೆಟ್‌ವರ್ಕ್‌ಗಳಿದ್ದವು, ಅನೇಕ ಕಡೆ ಒಂದೇ ಟವರ್‌ನ ಮೇಲೆ ಎರಡೂ ಕಂಪನಿಗಳ ಉಪಕರಣಗಳಿದ್ದವು. ಒಂದನ್ನು ಇಳಿಸಿ, ಇನ್ನೊಂದಕ್ಕೆ ಎರಡರ ಸ್ಪೆಕ್ಟ್ರಂ ಜೋಡಿಸಿ, ಚಲಿಸುತ್ತಿರುವ ಬಳಕೆದಾರನ ಕರೆಯನ್ನು ಯಾವ ಟವರ್ ಯಾವ ಟವರ್‌ಗೆ ಒಪ್ಪಿಸಬೇಕು ಎಂಬ ಪಟ್ಟಿಯನ್ನು ಹೊಸದಾಗಿ ಬರೆಯಬೇಕಿತ್ತು, ಅದೂ ಕೋಟ್ಯಂತರ ಜನ ಆ ನೆಟ್‌ವರ್ಕ್‌ನಲ್ಲೇ ಮಾತನಾಡುತ್ತಿರುವಾಗ. ಅದೇ ಅವಧಿಯಲ್ಲಿ ಜಿಯೊ ಹಳೆಯ ತಲೆಮಾರಿನ ಯಾವ ಹೊರೆಯೂ ಇಲ್ಲದ, 4ಜಿಗೆಂದೇ ಕಟ್ಟಿದ ನೆಟ್‌ವರ್ಕನ್ನು ವಿಸ್ತರಿಸುತ್ತಿತ್ತು. ವಿಲೀನದ ಕೆಲಸದ ನಡುವೆಯೇ 2019ರ ಅಕ್ಟೋಬರ್ 24ರಂದು ಸುಪ್ರೀಂ ಕೋರ್ಟ್‌ನ ತೀರ್ಪು ಬಂತು.

ಆ ವಿವಾದದ ಬೇರು 1999ರಲ್ಲಿದೆ. ಅದುವರೆಗೆ ಮೊಬೈಲ್ ಕಂಪನಿಗಳು ನಿಗದಿತ ಮೊತ್ತದ ಪರವಾನಗಿ ಶುಲ್ಕ ಕಟ್ಟಬೇಕಿತ್ತು. ಹೊಸ ದೂರಸಂಪರ್ಕ ನೀತಿಯು ಅದರ ಬದಲು ವರಮಾನದಲ್ಲಿ ಒಂದು ಪಾಲನ್ನು ಸರ್ಕಾರಕ್ಕೆ ಕೊಡುವ ವ್ಯವಸ್ಥೆಯನ್ನು ತಂದಿತು. ಯಾವುದನ್ನು ವರಮಾನವೆಂದು ಎಣಿಸಬೇಕು ಎಂಬುದರ ಬಗ್ಗೆ ಜಗಳ ಹುಟ್ಟಿತು. ದೂರಸಂಪರ್ಕ ಸೇವೆಗೆ ಸಂಬಂಧಿಸದ ಬಡ್ಡಿ, ಬಾಡಿಗೆ, ಲಾಭಾಂಶಗಳೂ ‘ಹೊಂದಾಣಿಕೆ ಮಾಡಿದ ಒಟ್ಟು ವರಮಾನ’ದಲ್ಲಿ, ಅಂದರೆ ಎಜಿಆರ್‌ನಲ್ಲಿ ಸೇರುತ್ತವೆ ಎಂದು ದೂರಸಂಪರ್ಕ ಇಲಾಖೆ ಹೇಳಿತು, ಕಂಪನಿಗಳು ಒಪ್ಪಲಿಲ್ಲ. ನ್ಯಾಯಾಲಯ ಇಲಾಖೆಯ ವಾದವನ್ನು ಎತ್ತಿಹಿಡಿಯಿತು. ಅಷ್ಟು ವರ್ಷಗಳಲ್ಲಿ ಅಸಲಿನ ಮೇಲೆ ಬಡ್ಡಿ, ಅದರ ಮೇಲೆ ದಂಡ, ದಂಡದ ಮೇಲೆ ಮತ್ತೆ ಬಡ್ಡಿ ಬೆಳೆದಿತ್ತು. ಎಲ್ಲ ಕಂಪನಿಗಳ ಪರವಾನಗಿ ಶುಲ್ಕದ ಬಾಕಿಯಲ್ಲಿ ಅಸಲು ಸುಮಾರು ಕಾಲು ಭಾಗ ಮಾತ್ರ. ವೊಡಾಫೋನ್ ಐಡಿಯಾದ ಪಾಲಿಗೆ ಇಲಾಖೆ ಹಾಕಿದ ಲೆಕ್ಕ ಸುಮಾರು 58,000 ಕೋಟಿ ರೂಪಾಯಿ. 2020ರ ಸೆಪ್ಟೆಂಬರ್‌ನಲ್ಲಿ ಅದನ್ನು ಕಂತುಗಳಲ್ಲಿ ತೀರಿಸಲು ಹತ್ತು ವರ್ಷಗಳ ಕಾಲಾವಕಾಶ ಸಿಕ್ಕಿತು. ಹರಾಜಿನಲ್ಲಿ ಕೊಂಡ ಸ್ಪೆಕ್ಟ್ರಂನ ಕಂತುಗಳು ಇದರ ಜೊತೆಗೆ ಬೇರೆಯೇ ಇದ್ದವು.

ತೆರಬೇಕಾದ ಶುಲ್ಕವನ್ನು ತೆರಲೇಬೇಕು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಸ್ಪೆಕ್ಟ್ರಂ ಸಾರ್ವಜನಿಕ ಸಂಪತ್ತು, ಅದರಿಂದ ದುಡಿದವರು ಜನರ ಪಾಲನ್ನು ಕೊಡಬೇಕು. ಆದರೆ ಅಸಲಿನ ಮೂರು ಪಟ್ಟು ಬಡ್ಡಿ ಮತ್ತು ದಂಡವನ್ನು ಸೇರಿಸಿ ವಸೂಲಿಗೆ ಹೊರಟಾಗ ಆ ಹಣ ಎಲ್ಲಿಂದ ಬರುತ್ತದೆ ಎಂಬುದನ್ನೂ ನೋಡಬೇಕಿತ್ತು. ಅದು ಬಂದದ್ದು ಹಾಕಬೇಕಿದ್ದ, ಆದರೆ ಹಾಕದೇ ಉಳಿದ ಟವರ್‌ಗಳಿಂದ. 2023-24ರಲ್ಲಿ ಕಂಪನಿ ಇಡೀ ದೇಶದ ನೆಟ್‌ವರ್ಕ್‌ಗೆ ಹೂಡಿದ್ದು ಸುಮಾರು 1,850 ಕೋಟಿ ರೂಪಾಯಿ ಮಾತ್ರ. ಏರ್‌ಟೆಲ್ ಮತ್ತು ಜಿಯೊ ಅದಕ್ಕೂ ಮೊದಲೇ, 2022ರ ಅಕ್ಟೋಬರ್‌ನಲ್ಲಿ, 5ಜಿಯನ್ನು ಆರಂಭಿಸಿಯಾಗಿತ್ತು.

ಹೂಡಿಕೆ ನಿಂತಾಗ ನೆಟ್‌ವರ್ಕ್ ಇದ್ದಲ್ಲೇ ಇರುವುದಿಲ್ಲ, ಹಿಂದೆ ಸರಿಯುತ್ತದೆ, ಏಕೆಂದರೆ ಒಬ್ಬೊಬ್ಬ ಗ್ರಾಹಕ ಬಳಸುವ ಡೇಟಾ ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿರುತ್ತದೆ. ಬೇಸತ್ತವರಲ್ಲಿ ಮೊದಲು ಪೋರ್ಟ್ ಮಾಡಿಸಿಕೊಂಡು ಹೋಗುವವರು ಹೆಚ್ಚು ಡೇಟಾ ಬಳಸುವ, ಹೆಚ್ಚು ದುಡ್ಡು ಕೊಡುವ ಗ್ರಾಹಕರು. ಅವರು ಹೋದರೂ ಕಂಪನಿಯ ಖರ್ಚು ತಗ್ಗುವುದಿಲ್ಲ. ಹಳ್ಳಿಗೆ ಹೋಗುವ ಬಸ್ಸಿನಲ್ಲಿ ಹತ್ತು ಜನರಿದ್ದರೂ ಐವತ್ತು ಜನರಿದ್ದರೂ ಡ್ರೈವರ್ ಸಂಬಳ, ಡೀಸೆಲ್ ಹೆಚ್ಚುಕಡಿಮೆ ಅಷ್ಟೇ. ಹಾಗೆಯೇ ಟವರ್‌ನ ಬಾಡಿಗೆ, ವಿದ್ಯುತ್ತು, ಸ್ಪೆಕ್ಟ್ರಂ ಕಂತು ಯಾವುದೂ ಚಂದಾದಾರರ ಸಂಖ್ಯೆಯನ್ನು ನೋಡಿ ಕಡಿಮೆಯಾಗುವುದಿಲ್ಲ. ಹೊರಟುಹೋದ ಗ್ರಾಹಕನ ರೀಚಾರ್ಜ್ ಹಣದ ಬಹುಪಾಲು ನೇರವಾಗಿ ನಷ್ಟಕ್ಕೆ ಸೇರುತ್ತದೆ, ಆ ನಷ್ಟ ಮುಂದಿನ ಹೂಡಿಕೆಯನ್ನು ಕಡಿತಗೊಳಿಸುತ್ತದೆ, ನೆಟ್‌ವರ್ಕ್ ಇನ್ನಷ್ಟು ಸೊರಗುತ್ತದೆ. 2025ರ ಮಾರ್ಚ್‌ಗೆ ಮುಗಿದ ತ್ರೈಮಾಸಿಕದಲ್ಲಿ ಒಬ್ಬ ಗ್ರಾಹಕನಿಂದ ತಿಂಗಳಿಗೆ ಏರ್‌ಟೆಲ್‌ಗೆ ಸರಾಸರಿ 245 ರೂಪಾಯಿ, ಜಿಯೊಗೆ 206 ರೂಪಾಯಿ ಬರುತ್ತಿತ್ತು. ವೊಡಾಫೋನ್ ಐಡಿಯಾಕ್ಕೆ ಬಂದದ್ದು 175. ಕಂಪನಿಗಳು ಲೆಕ್ಕ ಹಾಕುವ ವಿಧಾನದಲ್ಲಿ ಅಲ್ಪಸ್ವಲ್ಪ ವ್ಯತ್ಯಾಸವಿದ್ದರೂ, ಏರ್‌ಟೆಲ್‌ನೊಂದಿಗಿನ ಎಪ್ಪತ್ತು ರೂಪಾಯಿಯ ಅಂತರವನ್ನು ಕೋಟ್ಯಂತರ ಗ್ರಾಹಕರಿಂದ ಮತ್ತು ಹನ್ನೆರಡು ತಿಂಗಳಿಂದ ಗುಣಿಸಿದರೆ ವರ್ಷಕ್ಕೆ 15,000 ಕೋಟಿಗೂ ಮಿಕ್ಕುತ್ತದೆ. ಒಳ್ಳೆಯ ನೆಟ್‌ವರ್ಕ್ ಕಟ್ಟಲು ಬೇಕಾದ ಹಣ ಹೆಚ್ಚುಕಡಿಮೆ ಅಷ್ಟೇ.

ಈ ಕಡಿಮೆ ಸರಾಸರಿಯ ಹಿಂದೆ ಇರುವ ಜನರ ಬಗ್ಗೆ ಚರ್ಚೆಗಳಲ್ಲಿ ಮಾತು ಬರುವುದೇ ಅಪರೂಪ. 2025ರ ಮಾರ್ಚ್‌ನಲ್ಲಿ ಕಂಪನಿಯ ಗ್ರಾಹಕರಲ್ಲಿ 4ಜಿ ಮತ್ತು 5ಜಿ ಬಳಸುವವರು ಸುಮಾರು 12.6 ಕೋಟಿ. ಉಳಿದ ಸುಮಾರು 7 ಕೋಟಿ ಸಂಪರ್ಕಗಳಲ್ಲಿ ಬಹಳಷ್ಟು ಕೀಪ್ಯಾಡ್ ಫೋನ್ ಹಿಡಿದವರದು: ಕೂಲಿಕಾರರು, ವಯಸ್ಸಾದವರು, ಮಗನ ಕರೆಗಾಗಿ ಮಾತ್ರ ಫೋನ್ ಇಟ್ಟುಕೊಂಡವರು. ಇವರ 2ಜಿ ಸೇವೆ ಮತ್ತು ಇತರರ 4ಜಿ ಸೇವೆ ಎರಡಕ್ಕೂ ಒಳ್ಳೆಯ ಪಟ್ಟಿಯೆಂದರೆ ದೂರ ತಲುಪುವ, ಗೋಡೆ ದಾಟುವ 900 ಮೆಗಾಹರ್ಟ್ಸ್. 2ಜಿಯ ಒಂದು ವಾಹಕಕ್ಕೆ, ಅಂದರೆ ಮಾಹಿತಿಯನ್ನು ಹೊರುವ ಅಲೆಗೆ, 0.2 ಮೆಗಾಹರ್ಟ್ಸ್ ಸಾಕು, ಆದರೆ ಉಪಯುಕ್ತವಾದ 4ಜಿ ವಾಹಕಕ್ಕೆ ಕನಿಷ್ಠ 5 ಮೆಗಾಹರ್ಟ್ಸ್‌ನ ಅಖಂಡ ತುಂಡು ಬೇಕು. ಒಂದು ವೃತ್ತದಲ್ಲಿ ಕಂಪನಿಯ ಬಳಿ ಆ ಪಟ್ಟಿಯಲ್ಲಿ ಇರುವುದೇ 5 ಮೆಗಾಹರ್ಟ್ಸ್ ಆದರೆ, 4ಜಿಗೆ ಅದನ್ನು ಕೊಟ್ಟೊಡನೆ 2ಜಿಯು ಅಷ್ಟು ದೂರ ಹೋಗದ 1,800 ಮೆಗಾಹರ್ಟ್ಸ್‌ಗೆ ಸರಿಯಬೇಕಾಗುತ್ತದೆ, ಹಳ್ಳಿಯ ಅಂಚಿನ ಮನೆಗಳಲ್ಲಿ ಕರೆ ಕಡಿದುಹೋಗುತ್ತದೆ. 3ಜಿಯನ್ನು ಮುಚ್ಚುತ್ತ ಅದರ ಸ್ಪೆಕ್ಟ್ರಂ ಅನ್ನು 4ಜಿಗೆ ತಿರುಗಿಸುವುದು ಇದಕ್ಕಿಂತ ಸುಲಭದ ನಿರ್ಧಾರವಾಗಿತ್ತು, ಅನೇಕ ವೃತ್ತಗಳಲ್ಲಿ ಕಂಪನಿ ಅದನ್ನು ಮಾಡಿ ಮುಗಿಸಿದೆ. 2024ರ ಜೂನ್ ಹರಾಜಿನಲ್ಲಿ ಅದು ಸುಮಾರು 3,500 ಕೋಟಿ ರೂಪಾಯಿ ವೆಚ್ಚ ಮಾಡಿ 900 ಮೆಗಾಹರ್ಟ್ಸ್ ಸೇರಿದಂತೆ ಹೆಚ್ಚುವರಿ ಸ್ಪೆಕ್ಟ್ರಂ ಕೊಂಡಿತು.

ಹಣ ಎಲ್ಲಿಂದ ಬಂತು ಎಂಬುದೂ ಹೇಳಬೇಕಾದ ಸಂಗತಿ. 2021ರ ಆಗಸ್ಟ್‌ನಲ್ಲಿ ಬಿರ್ಲಾ ಸಮೂಹದ ಮುಖ್ಯಸ್ಥ ಕುಮಾರ ಮಂಗಲಂ ಬಿರ್ಲಾ ಕಂಪನಿಯ ಅಧ್ಯಕ್ಷ ಸ್ಥಾನದಿಂದ ಕೆಳಗಿಳಿದರು. ಅದಕ್ಕೆ ಮೊದಲು ತಮ್ಮ ಪಾಲನ್ನು ಸರ್ಕಾರಕ್ಕೋ ಸರ್ಕಾರ ಸೂಚಿಸುವ ಬೇರೆ ಸಂಸ್ಥೆಗೋ ಒಪ್ಪಿಸಲು ಸಿದ್ಧವೆಂದು ಸರ್ಕಾರಕ್ಕೆ ಪತ್ರ ಬರೆದಿದ್ದರು. ಮರುತಿಂಗಳೇ ಕೇಂದ್ರ ಸಂಪುಟವು ಬಾಕಿ ಪಾವತಿಗೆ ನಾಲ್ಕು ವರ್ಷಗಳ ಬಿಡುವು ಕೊಟ್ಟಿತು, ದೂರಸಂಪರ್ಕಕ್ಕೆ ಸಂಬಂಧಿಸದ ವರಮಾನವನ್ನು ಮುಂದಿನ ಲೆಕ್ಕಗಳಿಂದ ಕೈಬಿಟ್ಟಿತು, ಬಡ್ಡಿಯನ್ನು ಷೇರಾಗಿ ಬದಲಿಸಿಕೊಳ್ಳುವ ದಾರಿಯನ್ನು ತೆರೆಯಿತು. ಆ ದಾರಿಯಲ್ಲಿ 2023ರ ಫೆಬ್ರುವರಿಯಲ್ಲಿ 16,133 ಕೋಟಿ ರೂಪಾಯಿಯ ಬಡ್ಡಿ ಷೇರಾಯಿತು. 2025ರಲ್ಲಿ 36,950 ಕೋಟಿಯ ಸ್ಪೆಕ್ಟ್ರಂ ಬಾಕಿಯೂ ಷೇರಾಗಿ ಸರ್ಕಾರದ ಪಾಲು ಶೇ 48.99ಕ್ಕೆ ಏರಿತು. ಇವುಗಳ ನಡುವೆ, 2024ರ ಏಪ್ರಿಲ್‌ನಲ್ಲಿ, ಕಂಪನಿಯು ಸಾರ್ವಜನಿಕರಿಗೆ ಷೇರು ಮಾರಿ 18,000 ಕೋಟಿ ರೂಪಾಯಿ ಸಂಗ್ರಹಿಸಿತು ಮತ್ತು ಸೆಪ್ಟೆಂಬರ್‌ನಲ್ಲಿ ನೋಕಿಯಾ, ಎರಿಕ್ಸನ್ ಹಾಗೂ ಸ್ಯಾಮ್‌ಸಂಗ್ ಜೊತೆ ಮೂರು ವರ್ಷಗಳಿಗೆ ಸುಮಾರು 30,000 ಕೋಟಿ ರೂಪಾಯಿಯ ಉಪಕರಣ ಒಪ್ಪಂದ ಮಾಡಿಕೊಂಡಿತು.

ಹೂಡಿಕೆ ಬಂದಾಗ ನೆಟ್‌ವರ್ಕ್ ಚೇತರಿಸಿಕೊಂಡದ್ದು ಅಂಕಿಗಳಲ್ಲಿ ಕಾಣುತ್ತದೆ. 2024-25ರಲ್ಲಿ ನೆಟ್‌ವರ್ಕ್ ವೆಚ್ಚ ಸುಮಾರು 9,500 ಕೋಟಿಗೆ ಏರಿತು. 4ಜಿ ಸೇವೆ ತಲುಪಬಲ್ಲ ಜನಸಂಖ್ಯೆಯ ಪಾಲು ಒಂದು ವರ್ಷದಲ್ಲಿ ಶೇ 77ರಿಂದ ಶೇ 83ಕ್ಕೆ ಹೋಯಿತು. 2025ರ ಮಾರ್ಚ್‌ನಲ್ಲಿ ಮುಂಬೈಯಲ್ಲಿ ಆರಂಭವಾದ 5ಜಿ ಜೂನ್‌ನಲ್ಲಿ ಬೆಂಗಳೂರಿಗೆ ಬಂತು. ಎದುರಾಳಿಗಳಿಗಿಂತ ಎರಡೂವರೆ ವರ್ಷ ತಡವಾಗಿದ್ದರೂ, ಗ್ರಾಹಕರು ಹೊರಹೋಗುವ ವೇಗ ಈಗ ತಗ್ಗಿದೆ. ಇನ್ನೊಂದೆಡೆ 2024-25ರ ಆರ್ಥಿಕ ವರ್ಷದಲ್ಲಿ 43,571 ಕೋಟಿ ರೂಪಾಯಿಯ ವರಮಾನದ ಮೇಲೆ 27,383 ಕೋಟಿಯ ನಷ್ಟವಾಯಿತು, ಸರ್ಕಾರಕ್ಕೆ ಕೊಡಬೇಕಾದ ಬಾಕಿ ಎರಡು ಲಕ್ಷ ಕೋಟಿಯ ಸನಿಹದಲ್ಲಿಯೇ ಉಳಿಯಿತು.

2025ರ ಮೇ ತಿಂಗಳಲ್ಲಿ ಬಡ್ಡಿ ಮತ್ತು ದಂಡ ಮನ್ನಾ ಕೋರಿದ ಕಂಪನಿಯ ಅರ್ಜಿಯನ್ನು ತಳ್ಳಿಹಾಕಿದ ಸುಪ್ರೀಂ ಕೋರ್ಟ್, ಅದೇ ವರ್ಷದ ಕೊನೆಯ ಭಾಗದಲ್ಲಿ ಎಜಿಆರ್ ಬಾಕಿಯನ್ನು ಮರುಪರಿಶೀಲಿಸಲು ಸರ್ಕಾರಕ್ಕೆ ಅವಕಾಶ ಕೊಟ್ಟಿತು. ಹೀಗಾಗಿ ಪರವಾನಗಿ ಕೊಡುವವರು, ಸಾಲ ವಸೂಲಿ ಮಾಡುವವರು, ಅತಿ ದೊಡ್ಡ ಷೇರುದಾರರು, ಬಿಎಸ್‌ಎನ್‌ಎಲ್ ಮೂಲಕ ಸ್ಪರ್ಧಿಸುವವರು ಎಲ್ಲವೂ ಆಗಿರುವ ಕೇಂದ್ರ ಸರ್ಕಾರದ ಕೈಗೇ ಮುಂದಿನ ನಿರ್ಧಾರ ಬಂತು. ಕಂತುಗಳನ್ನು ಗೊತ್ತುಪಡಿಸುವಾಗ ಅದು ನೋಡಬೇಕಾದದ್ದು ವರ್ಷಕ್ಕೆ ಎಷ್ಟು ವಸೂಲಾಗುತ್ತದೆ ಎಂಬುದನ್ನಷ್ಟೇ ಅಲ್ಲ. ಆ ಕಂತು ಕಟ್ಟಿದ ಮೇಲೂ 4ಜಿ ಇನ್ನೂ ತಲುಪದ ಊರುಗಳಿಗೆ 900 ಮೆಗಾಹರ್ಟ್ಸ್‌ನ ಉಪಕರಣ ಹಾಕಲು ಕಂಪನಿಯ ಬಳಿ ಹಣ ಉಳಿಯುತ್ತದೆಯೇ ಎಂಬುದನ್ನೂ ನೋಡಬೇಕು, ಏಕೆಂದರೆ ಬಾಕಿ ತೀರಿಸುವ ವರಮಾನ ಹುಟ್ಟಬೇಕಾದದ್ದು ಅಲ್ಲಿಂದಲೇ.